ಕೊನೆ ಮನೆಯ ಮುಚ್ಚಳ

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಮೊನ್ನೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಸುತ್ತೂರು ಇನ್ನೂ ಬಂದಿರಲಿಲ್ಲ, ಯಾರೋ ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿ ಇಟ್ಟಿದ್ದರು. ಹೊಗೆ ರಸ್ತೆಗೆ ಅಡ್ಡ ಬಂದು ಬಸ್ಸಿನೊಳಗೆಲ್ಲ ತುಂಬಿಕೊಂಡಿತು. ಎಲ್ಲರೂ ಕಿಟಕಿ ಎಳೆದುಕೊಂಡರು. ನಾನೊಬ್ಬಳು ಮೂಗು ಹೊರಗೆ ಹಾಕಿ ಕೂತೆ. ಪಕ್ಕದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕಿಟ್ಕಿ ಆಕವ್ವ, ಕಣ್ಣುರಿ ಬತ್ತದೆ" ಎಂದು ಗದರಿದಳು. ಹಾಕಿದೆ. ಅಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು. ಈ ತರಗಿನ ಹೊಗೆಗೆ ಒಂದಿಷ್ಟು ಹಸಿ ಮಣ್ಣಿನ ವಾಸನೆ ಸೇರಿಸಿದರೆ ಅದೇ ಕುಂಬಾರರು ಮಡಕೆ ಸುಡುವ ಆವಿಗೆಯ ವಾಸನೆ. ಆ ವಾಸನೆಯಲ್ಲಿ ನಾನು ಒಂದು ಇಡೀ ವರ್ಷ ಬದುಕಿದ್ದೆ. ಮೈಸೂರಿಗೆ ಹೋದಾಗಲೆಲ್ಲ ನಮ್ಮಮ್ಮ ನನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಸೆರಾಮಿಕ್ಸ್ ಡಿಪ್ಲೊಮಾ ಮುಗಿಸಿಕೊಂಡು ಬಂದಿದ್ದೆ. ಆ ಕಾಲಕ್ಕೆ ಸೆರಾಮಿಕ್ಸ್ ಎಂದರೇನೆಂದು ಮನೆಗೆ ಬಂದ ನೆಂಟರಿಗೆ ತಿಳಿಸುವುದೇ ಒಂದು ಉದ್ಯೋಗ. ಪಿಂಗಾಣಿ ಕೆಲಸ ಎಂದರೆ "ಉಪ್ಪಿನಕಾಯಿ ಜಾಡಿಯೇನಮ್ಮಾ?" ಎನ್ನುವರು. ಹೌದು, ಅದೂ ಸೇರಿತು ಎಂದರೆ, ಜಾಡಿ ಮಾಡುವುದಕ್ಕೆ ಇಷ್ಟು ವರ್ಷ ಓದಬೇಕೇ ಎಂದು ನಮ್ಮಪ್ಪನ ಮುಖ ನೋಡುವರು. ಜೊತೆಗೆ ಓದಿದವರಲ್ಲಿ ಹೆಚ್ಚಿನವರು ಟೈಲ್ಸ್ ಕಾರ್ಖಾನೆಗೋ, ವಾಶ್ ಬೇಸಿನ್ ಮಾಡುವ ಕಂಪನಿಗೋ ಸೇರಿದರು. ಒಬ್ಬಿಬ್ಬರು ಸ್ವಂತ ಸ್ಟುಡಿಯೋ ತೆರೆದು, ಹೂದಾನಿಗೆ ನೀಲಿ ಬಣ್ಣದ ಗ್ಲೇಜ್ ಹಾಕಿ, ಅದನ್ನು ಕೊಳ್ಳುವಂಥ ಮನೆಗಳನ್ನು ಹುಡುಕತೊಡಗಿದರು. ನನಗೆ ಎರಡೂ ಒಗ್ಗಲಿಲ್ಲ. ಕಾರ್ಖಾನೆಯಲ್ಲಿ ಕೈಗೆ ಮಣ್ಣೇ ಹತ್ತುವುದಿಲ್ಲ, ಸ್ಟುಡಿಯೋ ಹಾಕಲು ಕೈಯಲ್ಲಿ ಕಾಸಿಲ್ಲ. ಆಗ ಕರಕುಶಲ ತರಬೇತಿ ನಡೆಸುವ ಸಂಸ್ಥೆಯೊಂದು, ಕುಂಬಾರರಿಗೆ ಹೊಸ ವಿನ್ಯಾಸ ಕಲಿಸಲು ಒಬ್ಬ ಡಿಸೈನರ್ ಬೇಕೆಂದು ಕೇಳಿತು. ಅರ್ಜಿ ಹಾಕಿದವಳು ನಾನೊಬ್ಬಳೇ ಇರಬೇಕು. ಕೆಲಸ ಸಿಕ್ಕಿತು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಮುಂದಿನ ಸಲ ಸಿಕ್ಕಾಗ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ನಾಲೆಯ ಪಕ್ಕದ ಊರು ಎಂದುಕೊಂಡರೆ ಸಾಕು. ನಾನು ನರಸೀಪುರದಲ್ಲಿ ಹೊಳೆ ಕಡೆಯ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಸಂಜೆ ಹಿಂದಿರುಗುತ್ತಿದ್ದೆ. ತರಬೇತಿ ಕೇಂದ್ರ ಎಂದು ಬೋರ್ಡು ಹೊತ್ತಿದ್ದ ಕಟ್ಟಡ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಬಾಗಿಲು ತೆಗೆದರೆ ಹಿಪ್ಪುನೇರಳೆ ಸೊಪ್ಪಿನ ಕಮಟು ವಾಸನೆ ಇನ್ನೂ ಇತ್ತು. ಕೇರಿಯಲ್ಲಿ ಕುಂಬಾರರ ಮನೆ ಐದು, ಒಂದೇ ಸಾಲಿನಲ್ಲಿ. ಮೇಲಿನದು ದೊಡ್ಡ ಮನೆ, ಅಲ್ಲಿ ಪುಟ್ಟಬಸಪ್ಪ. ಕೊನೆಯದು ಅವರ ತಮ್ಮನ ಮಗ ಮಾದೇವನದು. ನಡುವಿನ ಮೂರು ಮನೆಯವರೂ ಅಣ್ಣತಮ್ಮಂದಿರೇ. ಐದು ಮನೆಗೂ ಒಂದೊಂದು ತಿಗರಿ, ಅಂದರೆ ಮಡಕೆ ಮಾಡುವ ಚಕ್ರ. ಬೀದಿಯಲ್ಲಿ ನಡೆದು ಹೋದರೆ ಪ್ರತಿ ಜಗಲಿಯಿಂದಲೂ ಅದರ ಗರಗರ ಕೇಳುತ್ತಿತ್ತು.

ಹೋದ ಮೊದಲ ವಾರವೇ ನಾನು ಐದು ಮನೆಗೂ ಒಂದೊಂದು ಡ್ರಾಯಿಂಗ್ ಹಂಚಿದೆ. ದೀಪದ ಕಂಬ, ಹೂವಿನ ಕುಂಡ, ನೀರಿನ ಹೂಜಿ. ಮರುದಿನ ಹೋದರೆ ಐದೂ ಮನೆಯಲ್ಲಿ ಎಂದಿನ ಅನ್ನದ ಮಡಕೆಯೇ ತಿರುಗುತ್ತಿದೆ. ಅದರ ಮರುದಿನವೂ ಅದೇ. ನನಗೆ ಮೂಗಿನ ತುದಿಯಲ್ಲೇ ಕೋಪ. ಸೀದಾ ಪುಟ್ಟಬಸಪ್ಪನವರ ಜಗಲಿಗೆ ಹೋಗಿ, "ನಿಮಗೆಲ್ಲ ಕಲಿಯೋದಕ್ಕೆ ಇಷ್ಟ ಇಲ್ಲ ಅಂದರೆ ಈಗಲೇ ಹೇಳಿಬಿಡಿ" ಎಂದು ಕೂಗಾಡಿದೆ. ಅವರು ಹಣೆಯ ವಿಭೂತಿ ಸರಿಮಾಡಿಕೊಂಡು, ನಾನು ಕೂಗಿ ಮುಗಿಸುವ ತನಕ ಕಾದರು.

"ಮೇಡಮ್ಮೋರೆ, ನೀವು ಸುರು ಮಾಡಿದ್ದೇ ತಪ್ಪು ದಿಕ್ಕಿಂದ ಕಣವ್ವ. ಒಸಾ ಆಕಾರ ಮೊದ್ಲು ದೊಡ್ಮನೆ ತಿಗರೀಲಿ ಉಟ್ಬೇಕು. ಅದು ಬೆಂದು ಬಂದ್ಮೇಲೆ, ಎಲೆ ಅಡ್ಕೆ ಜೊತೇಲಿ ಒಂದ ಎರಡ್ನೇ ಮನೆಗೆ ಕೊಡ್ತೀನಿ. ಅವನು ಅದ ನೋಡ್ಕಂಡು ಮಾಡ್ತಾನೆ. ಅವನು ಮೂರ್ನೇಯವನಿಗೆ. ಇಂಗೇ ಇಳೀತಾ ಓಗ್ಬೇಕು."

"ಎಲ್ಲರೂ ಒಟ್ಟಿಗೇ ಮಾಡಿದರೆ ಏನಾಗುತ್ತೆ?"

"ನನ್ ಆಕಾರ ಅವ್ನು ಕದ್ದ, ಅವ್ನ್ದು ಇವ್ನು ಕದ್ದ ಅಂತ ದಿನಾ ಬೆಳಗಾದ್ರೆ ಜಗಳ ಆಯ್ತದೆ. ನಮ್ ತಾತ್ನೋರು ತಲೆ ಉಪಯೋಗ್ಸಿ ಮಾಡವ್ರೆ ಬುಡಿ."

ಇನ್ನೂ ಒಂದು ಕಟ್ಟಳೆ ಇತ್ತು. ಹೊಸ ಆಕಾರದ ಮಾಲು ಯಾವ ಮನೆಯಲ್ಲಿ ಬೆಂದು ಬಂದರೂ ಹುಲ್ಲಿನಲ್ಲಿ ಮುಚ್ಚಿಡಬೇಕು. ಐದೂ ಮನೆಯದು ಮುಗಿದ ಮೇಲೆ ಪುಟ್ಟಬಸಪ್ಪ ಬಂದು ಹುಲ್ಲು ಸರಿಸಬೇಕು. ಅಲ್ಲಿಯವರೆಗೆ ಒಬ್ಬರ ಮಾಲನ್ನು ಇನ್ನೊಬ್ಬರು ನೋಡುವಂತಿಲ್ಲ. ಮಾದರಿಗೆಂದು ಕೊಟ್ಟ ಮಡಕೆಯೂ ಕೆಲಸ ಮುಗಿದ ಮೇಲೆ ದೇವರ ಗೂಡು ಸೇರುತ್ತಿತ್ತು. ಇದನ್ನೆಲ್ಲ ಕೇಳಿ ನಾನು ಮನಸ್ಸಿನಲ್ಲೇ ಹಣೆ ಹಣೆ ಚಚ್ಚಿಕೊಂಡೆ. ಮಾದೇವನ ಹೆಂಡತಿ ಮಂಗಳ ಮಾತ್ರ ನನ್ನ ಪಾಡು ನೋಡಿ ನಕ್ಕಳು. "ನಮ್ಮನೆ ಕೊನೇದು ಕಣಕ್ಕ. ನಮ್ಮನೆಗೆ ಬರೋ ಒತ್ಗೆ ಆ ಆಕಾರಕ್ಕೆ ಮುಪ್ಪು ಬಂದಿರ್ತದೆ" ಎಂದಳು.

ಮಂಗಳ ತಗಡೂರಿನವಳು. ಅವಳ ತಾತ ಚರಕದಲ್ಲಿ ನೂಲು ತೆಗೆದು ಆ ನೂಲಿನ ಅಂಗಿಯನ್ನೇ ತೊಡುತ್ತಿದ್ದರಂತೆ. ಆ ಮಾತನ್ನು ಅವಳು ವಾರಕ್ಕೊಮ್ಮೆಯಾದರೂ ಹೇಳದೆ ಬಿಡುವವಳಲ್ಲ. ಬಾಯಿ ಜೋರು, ನಗು ಇನ್ನೂ ಜೋರು. ಕೇರಿಯ ಕಟ್ಟಳೆಯಂತೆ ಹೆಂಗಸರು ತಿಗರಿ ತಿರುಗಿಸುತ್ತಿರಲಿಲ್ಲ. ಮಣ್ಣು ತುಳಿಯುವುದು, ಮಡಕೆ ತಟ್ಟುವುದು, ಮುಚ್ಚಳ ಮಾಡುವುದು ಅವರ ಪಾಲು. ಮಂಗಳ ಮುಚ್ಚಳ ಮಾಡುವುದನ್ನು ನೋಡುತ್ತ ನಾನು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಮಾತು ನಿಲ್ಲಿಸದೆ, ಕೈ ನೋಡಿಕೊಳ್ಳದೆ, ರೊಟ್ಟಿ ತಟ್ಟಿದಂತೆ ತಟ್ಟಿ ಎತ್ತಿಡುತ್ತಿದ್ದಳು. ಎದುರಿಗೆ ಮಾದೇವ ತಿಗರಿ ತಿರುಗಿಸುತ್ತ ಹೂಂಗುಟ್ಟುತ್ತಿದ್ದ. ಅವನು ಐದೂ ಮನೆಯವರಲ್ಲಿ ಒಳ್ಳೆಯ ಕೈ. ತಿಗರಿ ಮೇಲೆ ಮಣ್ಣಿನ ಮುದ್ದೆ ಇಟ್ಟನೆಂದರೆ ಅದು ಅವನ ಮಾತು ಕೇಳಲು ಕಾದು ಕೂತಿದೆಯೇನೋ ಅನಿಸುತ್ತಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎಲ್ಲರೂ ಕೂಡಿ ವರ್ಷಕ್ಕಾಗುವಷ್ಟು ಮಣ್ಣು ತಂದೆವು. ತಂದೆವು ಎಂದರೆ ಅವರು ಅಗೆದರು, ನಾನು ನೆರಳಲ್ಲಿ ನಿಂತು ಸಲಹೆ ಕೊಟ್ಟೆ. ಮಳೆ ಹಿಡಿದ ಮೇಲೆ ಕೆಲಸ ನಿಧಾನವಾಯಿತು. ಆ ವರ್ಷ ಕಪಿಲೆ ತುಂಬಿ, ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ಕೆಂಪು ನೀರಿನೊಳಗೆ ಹೋಗಿದ್ದವು. ಹಸಿ ಮಡಕೆ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಕೆಲಸವಿಲ್ಲದ ಅಂಥ ಒಂದು ಶ್ರಾವಣದ ದಿನ ಎಲ್ಲರನ್ನೂ ಮೆಟಡೋರಿನಲ್ಲಿ ಕೂರಿಸಿಕೊಂಡು ಸೋಮನಾಥಪುರಕ್ಕೆ ಹೊರಟೆ. ಅಷ್ಟು ಹತ್ತಿರವಿದ್ದರೂ ಪುಟ್ಟಬಸಪ್ಪ ಆ ಗುಡಿಯನ್ನು ನೋಡಿರಲಿಲ್ಲ.

ಗೋಡೆಯ ವಿಗ್ರಹಗಳನ್ನು ಅವರು ಗೌರವದಿಂದ ನೋಡಿ ಮುಂದೆ ಹೋದರು. ಒಳಗಿನ ಕಂಬಗಳ ಮುಂದೆ ನಿಂತವರು ಮಾತ್ರ ಅಲ್ಲಾಡಲಿಲ್ಲ. ಗುಂಡಗೆ, ನುಣ್ಣಗೆ, ಉಂಗುರ ಉಂಗುರವಾಗಿ ಕಡೆದ ಕಲ್ಲಿನ ಕಂಬಗಳು. ಪುಟ್ಟಬಸಪ್ಪ ಒಂದರ ಸುತ್ತ ಕೈಯಾಡಿಸಿ, ಕಾವಲಿನವರು ಬೈಯುವ ಮುಂಚೆ ಕೈ ತೆಗೆದು, "ಲೇ ಮಾದೇವ, ಇದು ತಿಗರಿ ಕೆಲ್ಸ ಕಣ್ಲಾ. ಕಲ್ಲ ತಿರುಗ್ಸವ್ರೆ ನೋಡು" ಎಂದರು.

"ಔದು ದೊಡ್ಡಪ್ಪ. ಆ ಕಂಠ ನೋಡು, ನಮ್ ಊಜಿ ಕಂಠ್ದಂಗೇ ಅದೆ."

ಮಂಗಳ ತಲೆಯೆತ್ತಿ ಕಂಬದ ಮೇಲ್ಭಾಗವನ್ನು ನೋಡುತ್ತಿದ್ದಳು. "ಆ ಮೇಲ್ಗಡೆ ತಟ್ಟೆ ಇದ್ಯಲ್ಲ, ಅದು ಮುಚ್ಚಳ" ಎಂದಳು. ಎಲ್ಲರೂ ನಕ್ಕರು. ನಾನು ಅಲ್ಲಿಯೇ ಕೂತು ಆ ಕಂಬದ ಅಂಚನ್ನು ಬರೆದುಕೊಂಡೆ. ಹೊಟ್ಟೆ ಸ್ವಲ್ಪ ಉಬ್ಬಿದ, ಕಂಠಕ್ಕೆ ಎರಡು ಉಂಗುರ ಇರುವ, ಮೇಲೆ ಅಗಲ ಮುಚ್ಚಳ ಕೂತ ಒಂದು ಕುಡಿಕೆ. ಆ ವರ್ಷ ನಾನು ಮಾಡಿದ ವಿನ್ಯಾಸಗಳಲ್ಲಿ ಇವತ್ತಿಗೂ ನಾಚಿಕೆಯಿಲ್ಲದೆ ತೋರಿಸಬಹುದಾದದ್ದು ಅದೊಂದೇ.

ಆ ಕುಡಿಕೆಯ ಮಾದರಿ ಹಿಡಿದು ನಂಜನಗೂಡಿನ ಊಟಿ ರಸ್ತೆಯಲ್ಲಿ ಹೋಟೆಲಿಟ್ಟಿದ್ದ ರಾಜಶೇಖರಪ್ಪನವರ ಬಳಿ ಹೋದೆ. ಊಟಿಗೆ ಹೋಗುವ ಕಾರುಗಳೆಲ್ಲ ಅವರಲ್ಲಿ ಊಟಕ್ಕೆ ನಿಲ್ಲುತ್ತಿದ್ದವು. ಗಟ್ಟಿ ಮೊಸರನ್ನು ಕುಡಿಕೆಯಲ್ಲೇ ಹೆಪ್ಪು ಹಾಕಿ, ಮುಚ್ಚಳ ಸಮೇತ ಎಲೆಯ ಪಕ್ಕ ಇಟ್ಟರೆ ಹೇಗಿರುತ್ತದೆ ಎಂದೆ. ಅವರು ಕುಡಿಕೆಯನ್ನು ಬೆರಳಿನಿಂದ ಟಣ್ ಎನ್ನಿಸಿ ನೋಡಿ, ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ, ಕೊನೆಗೆ ಒಪ್ಪಿದರು.

"ಆದ್ರೆ ಒಂದು ಮಾತು. ಎಲ್ಲಾ ಒಂದೇ ಅಳತೆ ಇರ್ಬೇಕು. ಒಬ್ರಿಗೆ ದೊಡ್ಡದು, ಪಕ್ದೋರಿಗೆ ಚಿಕ್ಕದು ಹೋಯ್ತು ಅಂದ್ರೆ ಎಲೆ ಮುಂದೇನೇ ಜಗಳ ಸುರುವಾಗುತ್ತೆ ಕಣ್ರೀ. ದೀಪಾವಳಿ ಆದ್ಮೇಲೆ ಬಂದು ನೋಡ್ತೀನಿ. ಚೆನ್ನಾಗಿದ್ರೆ ವರ್ಷಪೂರ್ತಿ ನಿಮ್ಮಲ್ಲೇ ತಗೋತೀನಿ."

ವರ್ಷಪೂರ್ತಿ ಎಂಬ ಮಾತು ಕೇರಿಗೆ ಹಬ್ಬ ತಂದಿತು. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಮಡಕೆಯನ್ನು ಸುಗ್ಗಿಗೆ, ಮದುವೆಗೆ, ಸಾವಿಗೆ ಕೊಳ್ಳುವವರಷ್ಟೇ ಉಳಿದಿದ್ದರು. ಆದರೆ ಅದೇ ಹೊತ್ತಿಗೆ ಮಾದೇವನಿಗೆ ನಂಜನಗೂಡಿನ ಕಾರ್ಖಾನೆಯೊಂದರಿಂದ ಕರೆ ಬಂದಿತ್ತು. ದೀಪಾವಳಿ ಕಳೆದ ಎರಡನೆಯ ಸೋಮವಾರ ಬಂದು ಸೇರಿಕೊಳ್ಳಬೇಕು, ಬರದಿದ್ದರೆ ಜಾಗ ಬೇರೆಯವರಿಗೆ. ಅವನಿಗೆ ಆಸೆಯಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ.

"ಯೂನಿಫಾರಮ್ ಕೊಡ್ತಾರೆ ಮೇಡಮ್ಮೋರೆ. ಕ್ಯಾಂಟೀನ್ ಅದೆ. ಮಳೆ ಬಂದ್ರೂ ಸಂಬ್ಳ ಬತ್ತದೆ" ಎಂದ ತಿಗರಿ ಒರೆಸುತ್ತ.

ಮಂಗಳ ಅವತ್ತು ಜೋರು ಮಾಡಲಿಲ್ಲ. ಅವನು ನೀರು ತರಲು ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು. "ಅಕ್ಕ, ಈ ಗಂಡು ಮನೆ ಒಳಗೆ ಬಂದ್ರೆ ಮಾತೇ ಆಡದಿಲ್ಲ. ಮದ್ವೆಯಾಗಿ ಬಂದಾಗಿಂದ ನಾವಿಬ್ರೂ ಸುಖ ದುಕ್ಕ ಮಾತಾಡಿರೋದೆಲ್ಲ ತಿಗರಿ ಮುಂದೇನೇ. ಅದೂ ಇಲ್ದಿದ್ರೆ ನಾನು ಗೋಡೆ ಜೊತೆ ಮಾತಾಡ್ಲಾ?" ಎಂದಳು. ಹೇಳಿ ನಕ್ಕಳು, ಆದರೆ ಕಣ್ಣು ನಗಲಿಲ್ಲ. ಆವತ್ತಿನಿಂದ ಆ ಕುಡಿಕೆಗಳು ನನ್ನ ಪಾಲಿಗೆ ಬರೀ ವಿನ್ಯಾಸವಾಗಿ ಉಳಿಯಲಿಲ್ಲ.

ಕೊನೆಗೆ ಮಾದೇವನೇ ಒಂದು ದಾರಿ ಹೇಳಿದ. "ಈ ಆವ್ಗೆ ಓಟ್ಲೋರಿಗೆ ಒಪ್ಗೆ ಆದ್ರೆ ನಾನು ಇಲ್ಲೇ ಇರ್ತೀನಿ. ಇಲ್ದಿದ್ರೆ ಸೋಮಾರ ಬೆಳಿಗ್ಗೆ ಬಸ್ಸತ್ತೋದೇಯ. ಆಮೇಲೆ ಯಾರೂ ಏನೂ ಅನ್ಬಾರ್ದು." ಮಂಗಳ ಒಪ್ಪಿದಳು. ದೊಡ್ಡಪ್ಪನೂ ತಲೆಯಾಡಿಸಿದರು.

ಒಂದೇ ಅಳತೆ ಎಂಬುದು ನನ್ನ ತಲೆಯಲ್ಲಿ ಭೂತದಂತೆ ಕೂತಿತು. ಗಂಡಸರನ್ನೆಲ್ಲ ಕೇಂದ್ರಕ್ಕೆ ಕರೆದು ಇಡೀ ವಾರ ಪಾಠ ಮಾಡಿದೆ. "ಇನ್ನು ಮೇಲೆ ಕಣ್ಣಳತೆ ಬೇಡ. ಮಾದರಿಗೆ ಕಡ್ಡಿ ಹಿಡಿದು, ಗುರುತು ಮಾಡಿಕೊಂಡು, ಆ ಕಡ್ಡಿಗೆ ಸರಿಯಾಗಿ ಮಾಡಿ. ಒಂದು ಕೂದಲೆಳೆ ಆಚೀಚೆ ಆಗಬಾರದು." ಹುಟ್ಟಿದಾಗಿನಿಂದ ಮಡಕೆಗೆ ಕಡ್ಡಿ ಹಿಡಿದು ಅರಿಯದವರು, ಪಾಪ, ಶಾಲೆಯ ಮಕ್ಕಳಂತೆ ತಲೆಯಾಡಿಸಿದರು. ಪುಟ್ಟಬಸಪ್ಪನವರ ಪಕ್ಕ ಕೂತು ಬಿದಿರು ಕಡ್ಡಿಯೊಂದನ್ನು ನಾನೇ ಕೊಯ್ದುಕೊಟ್ಟೆ. ಹಸಿ ಮಣ್ಣು ಒಣಗಿ, ಬೆಂದು ಬರುವಾಗ ಕುಗ್ಗುತ್ತದಲ್ಲ, ಅಷ್ಟನ್ನು ಸೇರಿಸಿಯೇ ಆ ಕಡ್ಡಿಯ ಉದ್ದ ಇಟ್ಟಿದ್ದೆ. ಅವರ ಕುಡಿಕೆಗಳು ಬೆಂದು ಬಂದಾಗ ಅಚ್ಚುಕಟ್ಟಾಗಿ ಮಾದರಿಯ ಅಳತೆಗೇ ಬಂದಿದ್ದವು. ಮಂಗಳ ಆ ಪಾಠಕ್ಕೆ ಇರಲಿಲ್ಲ, ತಗಡೂರಿಗೆ ತವರಿಗೆ ಹೋಗಿದ್ದಳು. ಇದ್ದಿದ್ದರೂ ನಾನು ಕರೆಯುತ್ತಿರಲಿಲ್ಲ. ಮುಚ್ಚಳಕ್ಕೆ ಪಾಠ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೇರಿಯ ಲೆಕ್ಕದಲ್ಲಿ ಮುಚ್ಚಳ ಒಂದು ಆಕಾರವೇ ಅಲ್ಲ. ಅದಕ್ಕೆ ಎಲೆ ಅಡಿಕೆ ಕೊಡುವ ಪದ್ಧತಿಯೂ ಇರಲಿಲ್ಲ. ವಾಪಸು ಬಂದವಳು ದೊಡ್ಡ ಮನೆಯ ಕುಡಿಕೆಯನ್ನು ಒಮ್ಮೆ ಎತ್ತಿ ತಿರುಗಿಸಿ ನೋಡಿ, ಐದೂ ಮನೆಗೆ ಬೇಕಾಗುವಷ್ಟು ಮುಚ್ಚಳ ತಟ್ಟಲು ಕೂತಳು. ಮಾದೇವನ ಸರದಿ ಬರುವ ಮುಂಚೆಯೇ ಅವೆಲ್ಲ ಬೆಂದು ಬುಟ್ಟಿ ಸೇರಿದ್ದವು.

ಪುಟ್ಟಬಸಪ್ಪ ಎಲೆ ಅಡಿಕೆಯೊಂದಿಗೆ ಒಂದು ಕುಡಿಕೆಯನ್ನು ಎರಡನೆಯ ಮನೆಗೆ ಕೊಟ್ಟರು. ಅಷ್ಟು ನೋಡಿಕೊಂಡು ನಾನು ನಿಶ್ಚಿಂತೆಯಿಂದ ಮೈಸೂರಿಗೆ ಹೋದೆ. ದಸರಾ ವಸ್ತುಪ್ರದರ್ಶನದಲ್ಲಿ ಸಂಸ್ಥೆಯ ಮಳಿಗೆ ನೋಡಿಕೊಳ್ಳುವುದು ನನ್ನ ತಲೆಗೆ ಬಿದ್ದಿತ್ತು. ನಡುವೆ ಒಮ್ಮೆ ಬಂದಾಗ ಮೇಲಿನ ಮನೆಗಳ ಮೂಲೆಯಲ್ಲಿ ಹುಲ್ಲು ಮುಚ್ಚಿದ ಗುಡ್ಡೆಗಳು ಏಳುತ್ತಿದ್ದವು. ಮೂರನೆಯ ಮನೆಯವನು ಹೊಸ ಬಿದಿರು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಒಂದ್ಕೂದ್ಲೆಳೆ ಎಚ್ಚುಕಮ್ಮಿ ಇಲ್ಲ ಮೇಡಮ್ಮೋರೆ!" ಎಂದ. ನಾನು ಬೀಗಿ ಹೋದೆ.

ದೀಪಾವಳಿ ಕಳೆದ ಮುಂದಿನ ಶನಿವಾರ ಹುಲ್ಲು ಸರಿಸುವ ದಿನ. ರಾಜಶೇಖರಪ್ಪನವರು ಮಧ್ಯಾಹ್ನ ಬರುವವರಿದ್ದರು. ಕೇಂದ್ರದ ಅಂಗಳ ಸಾರಿಸಿ, ಐದೂ ಮನೆಯ ಮಾಲನ್ನು ಹುಲ್ಲು ಸಮೇತ ತಂದು ಸಾಲಾಗಿ ಇಟ್ಟಿದ್ದರು. ಪುಟ್ಟಬಸಪ್ಪ ಪೂಜೆ ಮಾಡಿ ಮೊದಲ ಗುಡ್ಡೆಯ ಹುಲ್ಲು ಸರಿಸಿದರು. ಕೆಂಪಗೆ, ಚೆಂದಕ್ಕೆ, ಅಂಗೈ ತುಂಬುವ ಕುಡಿಕೆಗಳು. ಎರಡನೆಯದು ಸರಿಸಿದರು. ಅವೂ ಚೆಂದ, ಆದರೆ ಏನೋ ಬೇರೆ ಅನಿಸಿತು. ಮೂರನೆಯದರಲ್ಲಿ ಒಂದನ್ನು ಎತ್ತಿಕೊಂಡೆ, ಅಂಗೈ ತುಂಬಲಿಲ್ಲ. ನಾಲ್ಕನೆಯದಕ್ಕೆ ಪುಟ್ಟಬಸಪ್ಪನವರ ಕೈ ತಡೆಯಿತು. ಐದನೆಯ ಗುಡ್ಡೆಯ ಹುಲ್ಲು ಸರಿದಾಗ ಹುಲ್ಲೊಳಗೆ ಕುಡಿಕೆಗಳನ್ನು ಹುಡುಕಬೇಕಾಯಿತು. ಕಂಠಕ್ಕೆ ಎರಡು ಉಂಗುರ, ಉಬ್ಬಿದ ಹೊಟ್ಟೆ, ಎಲ್ಲಾ ಸರಿಯಾಗಿತ್ತು. ಆದರೆ ಒಂದು ಸೌಟು ಮೊಸರೂ ಹಿಡಿಯುತ್ತಿರಲಿಲ್ಲ.

ಮಂಗಳ ತನ್ನ ಮುಚ್ಚಳಗಳ ಬುಟ್ಟಿಯಿಂದ ಒಂದನ್ನು ತೆಗೆದು ಗಂಡ ಮಾಡಿದ ಕುಡಿಕೆಯ ಮೇಲಿಟ್ಟಳು. ಕುಡಿಕೆಯೇ ಕಾಣದಂತೆ ಮುಚ್ಚಿಹೋಯಿತು. "ಚಿಕ್ ವಯಸ್ನ ಮದ್ವೆ ಗಂಡಿಗೆ ಅವ್ರಪ್ಪನ ಪೇಟ ಇಟ್ಟಂಗಾಯ್ತಲ್ಲಾ" ಎಂದಳು. ಮೊದಲು ಅವಳೇ ನಕ್ಕಳು. ಆಮೇಲೆ ಮೂರನೆಯ ಮನೆಯವನು ಫಕ್ಕನೆ ನಕ್ಕ. ಪುಟ್ಟಬಸಪ್ಪ ಬಿಗಿದುಕೊಂಡಿದ್ದ ಮೀಸೆ ನಡುಗತೊಡಗಿತು. ಇನ್ನು ತಡೆಯುವುದುಂಟೇ? ಎಲ್ಲರೂ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆವು. ನಾನಂತೂ ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ನಗು ನಿಂತ ಮೇಲೆ ಐದು ಮನೆಯ ಬಿದಿರು ಕಡ್ಡಿಗಳನ್ನು ತರಿಸಿ ಅಕ್ಕಪಕ್ಕ ಜೋಡಿಸಿದೆವು. ಒಂದಕ್ಕಿಂತ ಒಂದು ಮೋಟು. ಆಗ ಎಲ್ಲವೂ ತಿಳಿಯಿತು. ನಾನು ಕೊಯ್ದುಕೊಟ್ಟ ಕಡ್ಡಿ ದೊಡ್ಡ ಮನೆಯ ಸೂರಿನಲ್ಲೇ ಉಳಿದಿತ್ತು. ಕಟ್ಟಳೆಯಂತೆ ಕೆಳಗಿಳಿದದ್ದು ಕುಡಿಕೆ ಮಾತ್ರ. ಎರಡನೆಯ ಮನೆಯವನು ಬೆಂದ ಕುಡಿಕೆಗೆ ಕಡ್ಡಿ ಹಿಡಿದು, ಹಸಿ ಮಣ್ಣನ್ನು ಅಷ್ಟೇ ಅಳತೆಗೆ ಮಾಡಿದ. ಅದು ಬೆಂದು ಕುಗ್ಗಿತು. ಕುಗ್ಗಿದ್ದನ್ನು ಮೂರನೆಯವನಿಗೆ ಕೊಟ್ಟ. ಅವನು ಅದರ ಅಳತೆಗೆ ಮಾಡಿದ, ಅದು ಇನ್ನೂ ಕುಗ್ಗಿತು. ಹೀಗೇ ಇಳಿಯುತ್ತ ಮಾದೇವನ ಮನೆಗೆ ಬರುವ ಹೊತ್ತಿಗೆ ಮೊಸರಿನ ಕುಡಿಕೆ ಕುಂಕುಮದ ಭರಣಿಯಾಗಿತ್ತು. ಅಷ್ಟು ವರ್ಷ ಕಣ್ಣಳತೆಯಲ್ಲಿ ಮಾಡುವಾಗ ಕುಗ್ಗುವ ಪಾಲನ್ನು ಕಣ್ಣು ತಾನಾಗಿ ಸೇರಿಸಿಕೊಳ್ಳುತ್ತಿತ್ತು. ಕೈಗೆ ಕಡ್ಡಿ ಬಂದದ್ದೇ ಕಣ್ಣು ರಜೆ ಹಾಕಿತು. ಪಾಠ ಕೇಳದ ಮಂಗಳ ಎಂದಿನಂತೆ ಕಣ್ಣಲ್ಲೇ ಅಳೆದಿದ್ದಳು, ಹಾಗಾಗಿ ಬುಟ್ಟಿಯ ಮುಚ್ಚಳಗಳೆಲ್ಲ ಒಂದೇ ಅಳತೆಗೆ ಬಂದಿದ್ದವು.

"ನಿಮ್ ಕಟ್ಟಳೆಯಿಂದ ಹೀಗಾಯ್ತು" ಎಂದೆ ನಾನು.

"ನಿಮ್ ಕಡ್ಡಿಯಿಂದ ಆಯ್ತು" ಎಂದರು ಪುಟ್ಟಬಸಪ್ಪ. ಇಬ್ಬರೂ ಸೋಲಲಿಲ್ಲ. ಇವತ್ತಿಗೂ ಸೋತಿಲ್ಲ.

ರಾಜಶೇಖರಪ್ಪನವರು ಬಂದು ಐದು ಗುಡ್ಡೆಗಳನ್ನೂ ನೋಡಿದರು. ಒಳ್ಳೆಯ ಮನುಷ್ಯರು, ನಗಲಿಲ್ಲ. ದೊಡ್ಡ ಮನೆಯ ಕುಡಿಕೆಗಳಿಗೆ ಮುಚ್ಚಳ ಹಾಕಿ ನೋಡಿ, ಅಷ್ಟನ್ನೂ ತೆಗೆದುಕೊಂಡರು. ಮಿಕ್ಕ ಮುಚ್ಚಳಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ತಿಂಗಳು ತಡೀತೀನಿ. ಈ ಮುಚ್ಚಳಕ್ಕೆ ಸರಿಯಾಗಿ ಕೂರೋ ಕುಡಿಕೆ ಎಷ್ಟು ಕೊಟ್ರೂ ತಗೋತೀನಿ. ಆಮೇಲೂ ಹೀಗೇ ಆದ್ರೆ ನಂಗೆ ಸ್ಟೀಲ್ ಬಟ್ಲೇ ಗತಿ" ಎಂದರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಮಾದೇವ ಮಾತ್ರ ತನ್ನ ಪುಟ್ಟ ಕುಡಿಕೆಗಳನ್ನು ಬುಟ್ಟಿಗೆ ತುಂಬಿಕೊಂಡು ಎದ್ದ. ಐದು ಮನೆಯಲ್ಲೂ ಒಳ್ಳೆಯ ಕೈ ಎನಿಸಿಕೊಂಡವನ ಒಂದು ಕುಡಿಕೆಯೂ ಲೆಕ್ಕಕ್ಕೆ ಬಂದಿರಲಿಲ್ಲ.

"ನಾನು ಏಳಿದ್ದು ಈ ಆವ್ಗೆ ಮಾತು. ಸೋಮಾರ ಓಯ್ತೀನಿ" ಎಂದ. ಮಂಗಳ ಮಿಕ್ಕ ಮುಚ್ಚಳಗಳ ಬುಟ್ಟಿ ಎತ್ತಿಕೊಂಡು ಅವನ ಹಿಂದೆ ನಡೆದಳು. ಒಪ್ಪಿಕೊಂಡ ಮಾತಿಗೆ ತಪ್ಪುವವಳಲ್ಲ.

ಭಾನುವಾರ ನರಸೀಪುರದ ನನ್ನ ಕೋಣೆಯಲ್ಲಿ ಊಟ ಸೇರಲಿಲ್ಲ. ಸೋಮವಾರ ಮೊದಲ ಬಸ್ಸಿಗೇ ಹೋದೆ. ಏನು ಹೇಳಬೇಕೆಂದು ಹೋದೆನೋ ಗೊತ್ತಿಲ್ಲ, ಹೋಗದೆ ಇರಲಾಗಲಿಲ್ಲ. ಕಾರ್ತಿಕದ ಮಂಜು ಗದ್ದೆಗಳ ಮೇಲೆ ಇನ್ನೂ ಕೂತಿತ್ತು. ನಂಜನಗೂಡಿನ ಬಸ್ಸಿಗೆ ಹೊತ್ತಾಗಿರಲಿಲ್ಲ. ಕೊನೆ ಮನೆಯ ಮುಂದೆ ಮಾದೇವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಊಟದ ಡಬ್ಬಿ ಹಿಡಿದು ನಿಂತಿದ್ದ. ಮಂಗಳ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಇಬ್ಬರ ನಡುವೆ ತಿಗರಿ ಸುಮ್ಮನೆ ಕೂತಿತ್ತು.

ಆಗ ಬೀದಿಯ ಆ ತುದಿಯಿಂದ ಪುಟ್ಟಬಸಪ್ಪ ಬರುವುದು ಕಂಡಿತು. ಮಡಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಲೆ ಅಡಿಕೆ. ಎರಡನೆಯ ಮನೆಯನ್ನು ದಾಟಿದರು. ಮೂರನೆಯದನ್ನು ದಾಟಿದರು. ಜಗಲಿಗಳ ಮೇಲಿದ್ದವರೆಲ್ಲ ಎದ್ದು ನಿಂತರು. ದೊಡ್ಡ ಮನೆಯ ವೀಳ್ಯ ಕೊನೆ ಮನೆಯವರೆಗೆ ನಡೆದು ಬಂದದ್ದನ್ನು ಆ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ.

ಮಾದೇವನ ಮುಖ ಕೆಂಪಾಯಿತು. ತನ್ನನ್ನು ತಡೆಯಲು ಬಂದರೆಂದುಕೊಂಡು ಡಬ್ಬಿ ಕೆಳಗಿಟ್ಟು, "ಬ್ಯಾಡ ದೊಡ್ಡಪ್ಪ, ನಾನು ಮಾತು ಕೊಟ್ಟಾಗದೆ" ಎಂದ.

"ನಿಂಗಲ್ಲ ಕಣ್ಲಾ, ಸರ್ಕೋ ಅತ್ಲಾಗೆ" ಎಂದು ಪುಟ್ಟಬಸಪ್ಪ ಅವನನ್ನು ಪಕ್ಕಕ್ಕೆ ತಳ್ಳಿ, ಮಂಗಳನ ಮುಂದೆ ತಟ್ಟೆ ಹಿಡಿದರು. "ಅವ್ವಾ ಮಂಗಳ, ನಮ್ಮನೆಯೋರು ಇವತ್ತಿನ್ ಗಂಟ ಯಾರ್ತಾವೂ ಆಕಾರ ಕೇಳ್ದೋರಲ್ಲ. ನಾನು ಕೇಳ್ತಾ ಇವ್ನಿ. ನಿನ್ನ ಒಂದ್ ಮುಚ್ಚಳ ಕೊಡವ್ವ. ಅದ್ಕೆ ಕೂರಂಗೆ ಎಲ್ರೂ ಮಾಡ್ತೀವಿ."

ಮಂಗಳ ಸೆರಗು ಹೊದ್ದುಕೊಂಡು, ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ, "ಕೊಡ್ತೀನಿ ಮಾವ. ಆದ್ರೆ ಆಕಾರ ಯಾವ ಮನೇದೋ, ಮೊದಲ್ನೇ ಕುಡ್ಕೆ ಆ ಮನೆ ತಿಗರೀಲೇ ಉಟ್ಬೇಕು. ನೀವೇ ಮಾಡಿರೋ ಕಟ್ಟಳೆ" ಎಂದಳು.

ಪುಟ್ಟಬಸಪ್ಪ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. "ಕಟ್ಟಳೆ ಕಟ್ಟಳೇನೇಯ. ಉಟ್ಲಿ" ಎಂದರು.

ಮಂಗಳ ಗಂಡನನ್ನು ಇರು ಎನ್ನಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ಒಂದು ಮುಚ್ಚಳ ತಂದು ತಿಗರಿಯ ಪಕ್ಕ ಇಟ್ಟಳು. ಮಣ್ಣಿನ ಮುದ್ದೆಯ ಮೇಲಿನ ಒದ್ದೆ ಗೋಣಿ ತೆಗೆದಳು. ತಂಬಿಗೆಯಲ್ಲಿ ನೀರಿಟ್ಟಳು. ಆಮೇಲೆ ತನ್ನ ಎಂದಿನ ಜಾಗದಲ್ಲಿ, ತಿಗರಿಯ ಎದುರಿಗೆ ಕೂತು, ಕೈ ಮಡಿಲಲ್ಲಿಟ್ಟುಕೊಂಡಳು.

ನಂಜನಗೂಡಿನ ಬಸ್ಸು ಬಂದು ಕೇರಿಯ ಬಾಯಲ್ಲಿ ನಿಂತು ಹಾರ್ನ್ ಹೊಡೆಯಿತು. ನಾವೆಲ್ಲ ರಸ್ತೆಯ ಕಡೆ ನೋಡಿದೆವು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಬರೋರು ಬನ್ರೀ, ಓಯ್ತಾ ಇದೆ" ಎಂದು ಕೂಗಿದ. ಮಾದೇವನಿಗೆ ಕೇಳಿಸಿತೋ ಇಲ್ಲವೋ, ತಿರುಗಿ ನೋಡುವಷ್ಟರಲ್ಲಿ ಅವನ ಬಿಳಿ ಅಂಗಿ ಗೂಟದಲ್ಲಿ ತೂಗುತ್ತಿತ್ತು. ಮಂಗಳ ಆಗಲೇ ಏನೋ ಹೇಳತೊಡಗಿದ್ದಳು, ಅವನು ಹೂಂಗುಟ್ಟುತ್ತಿದ್ದ.